ದೃಷ್ಟಿ ತಾಗುವುದು ಯಾರಿಂದ?

‘ಪ್ಯಾಟ್ ಅಂಡ್ ಮೈಕ್’ ಚಲನಚಿತ್ರದ ಒಂದು ಅವಲೋಕನ

‘ದೃಷ್ಟಿ’ ಎಂಬ ಪದಕ್ಕೆ ನಮ್ಮ ನುಡಿಯಲ್ಲಿ ಎರಡು ಬಳಕೆಗಳಿವೆ. ನೋಡುವ ಶಕ್ತಿಯೂ ದೃಷ್ಟಿಯೇ. ನೋಡಿದ ಮಾತ್ರಕ್ಕೆ ತಗಲುತ್ತದೆಂದು ನಂಬಲಾದ ಕೇಡೂ ದೃಷ್ಟಿಯೇ. ಎಳೆಯ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತಿದ್ದ ಅಜ್ಜಿಯರು ಅಂಜುತ್ತಿದ್ದುದು ಹೊರಗಿನವರ ಕಣ್ಣಿಗೆ, ಅಸೂಯೆಪಡುವವರ ಕಣ್ಣಿಗೆ. ಮನೆಯವರ ಕಣ್ಣು, ನಮ್ಮನ್ನು ಮನಸಾರೆ ಮೆಚ್ಚಿದವರ ಕಣ್ಣು ನಮಗೆ ತಗಲಬಹುದೆಂದು ಅವರು ಎಣಿಸಿರಲಾರರು. ಆದರೆ ನಮ್ಮ ಅನುಭವ ಬೇರೊಂದು ಮಾತನ್ನು ಹೇಳುತ್ತದೆ. ನೂರು ಜನ ಅಪರಿಚಿತರೆದುರು ತಡವರಿಸದೆ ಮಾತನಾಡುವ ಹುಡುಗಿ ತನ್ನ ತಂದೆ ಸಭೆಯ ಹಿಂಬದಿಯಲ್ಲಿ ಬಂದು ಕುಳಿತದ್ದನ್ನು ಕಂಡೊಡನೆ ಪದಗಳನ್ನು ಮರೆಯುತ್ತಾಳೆ. ಕಚೇರಿಯಲ್ಲಿ ಹತ್ತು ಮಂದಿಯ ಕೆಲಸವನ್ನು ನಿಭಾಯಿಸುವ ಗೃಹಿಣಿ ಪತಿಯ ಒಂದು ನೋಟಕ್ಕೆ ಲೆಕ್ಕ ತಪ್ಪುತ್ತಾಳೆ. ಅಲ್ಲಿ ಅಸೂಯೆ ಇಲ್ಲ, ದ್ವೇಷವಿಲ್ಲ, ಬಹುಶಃ ಪ್ರೀತಿಯೇ ಇದೆ. ಹಾಗಿದ್ದರೂ ಕೈ ನಡುಗುವುದೇಕೆ?

ಈ ಪ್ರಶ್ನೆಯನ್ನು ನಗುನಗುತ್ತಲೇ ಕೈಗೆತ್ತಿಕೊಂಡ ಒಂದು ಹಳೆಯ ಅಮೆರಿಕನ್ ಚಲನಚಿತ್ರವಿದೆ. 1952ರಲ್ಲಿ ತೆರೆಕಂಡ ಅದರ ಹೆಸರು ‘ಪ್ಯಾಟ್ ಅಂಡ್ ಮೈಕ್’. ಕಪ್ಪು ಬಿಳುಪಿನ, ಒಂದೂವರೆ ಗಂಟೆಗಿಂತ ತುಸು ಹೆಚ್ಚಿನ ಅವಧಿಯ ಈ ಚಿತ್ರವನ್ನು ಪ್ರಣಯ ಹಾಸ್ಯಚಿತ್ರಗಳ ಸಾಲಿಗೆ ಸೇರಿಸುವುದು ವಾಡಿಕೆ. ಆ ಮಾತು ತಪ್ಪಲ್ಲ. ಆದರೆ ನಗೆಯ ತೆರೆಯನ್ನು ಸರಿಸಿ ನೋಡಿದಾಗ, ಒಬ್ಬರನ್ನೊಬ್ಬರು ನೋಡುವ ಬಗೆಯ ಕುರಿತು ಇಷ್ಟು ಸರಳವಾಗಿಯೂ ಇಷ್ಟು ನೇರವಾಗಿಯೂ ಮಾತನಾಡಿದ ಚಿತ್ರಗಳು ವಿರಳವೆಂದೇ ಹೇಳಬೇಕು. ಆ ದೃಷ್ಟಿಯಿಂದಲೇ ಅದನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಚಿತ್ರದ ಹಿನ್ನೆಲೆಯನ್ನು ತಿಳಿಯೋಣ. ನಿರ್ದೇಶಕರು ಜಾರ್ಜ್ ಕ್ಯೂಕರ್. ಕಥೆ ಮತ್ತು ಚಿತ್ರಕಥೆಯನ್ನು ಬರೆದವರು ರೂತ್ ಗಾರ್ಡನ್ ಮತ್ತು ಗಾರ್ಸನ್ ಕೇನಿನ್ ಎಂಬ ದಂಪತಿಗಳು. 1942ರಲ್ಲಿ ವಿವಾಹವಾದ ಇವರ ಈ ಬರವಣಿಗೆ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು. ಗಂಡುಹೆಣ್ಣಿನ ಸಮಪಾಲಿನ ಕಥೆಯನ್ನು ಗಂಡಹೆಂಡಿರಿಬ್ಬರು ಒಟ್ಟಾಗಿ ಕುಳಿತು ಬರೆದರೆಂಬುದು ಗಮನಾರ್ಹ ಸಂಗತಿ. ಪ್ಯಾಟ್ ಪೆಂಬರ್ಟನ್ ಎಂಬ ಕ್ರೀಡಾಪಟುವಿನ ಪಾತ್ರದಲ್ಲಿ ಕ್ಯಾಥರೀನ್ ಹೆಪ್ಬರ್ನ್ ಅವರೂ, ಮೈಕ್ ಕಾನವನ್ ಎಂಬ ಪಂದ್ಯಾಟಗಳ ದಲ್ಲಾಳಿಯ ಪಾತ್ರದಲ್ಲಿ ಸ್ಪೆನ್ಸರ್ ಟ್ರೇಸಿ ಅವರೂ ಕಾಣಿಸಿಕೊಂಡಿದ್ದಾರೆ. ಇವರಿಬ್ಬರು 1942ರಿಂದ 1967ರವರೆಗೆ ಒಟ್ಟು 9 ಚಿತ್ರಗಳಲ್ಲಿ ಜೊತೆಯಾಗಿ ನಟಿಸಿದರು. ಅನಾಥ ಬಾಲಕರಿಗೆ ಆಶ್ರಯವಿತ್ತ ಫಾದರ್ ಫ್ಲಾನಗನ್ ಅವರ ಪಾತ್ರಕ್ಕಾಗಿ ‘ಬಾಯ್ಸ್ ಟೌನ್’ (1938) ಚಿತ್ರದಲ್ಲಿ ಆಸ್ಕರ್ ಪಡೆದ ಟ್ರೇಸಿ ಅವರನ್ನು ನಿಮ್ಮಲ್ಲಿ ಹಿರಿಯರು ಕೆಲವರು ಬಲ್ಲಿರಬಹುದು. ಗುರುವಿನ ನಿಲುವಂಗಿಯಲ್ಲಿ ಅಷ್ಟು ಸಹಜವಾಗಿ ಕಂಡ ಅದೇ ನಟ ಇಲ್ಲಿ ಜೂಜುಕೋರರ ಸಹವಾಸದ, ವ್ಯಾಕರಣಶುದ್ಧವಾಗಿ ಒಂದು ವಾಕ್ಯವನ್ನೂ ಆಡದ ಮನುಷ್ಯನಾಗಿ ಬರುತ್ತಾರೆ.

ಹೆಪ್ಬರ್ನ್ ಅವರ ಕುರಿತೂ ಒಂದು ಮಾತು ಅವಶ್ಯ. ವೈದ್ಯರಾಗಿದ್ದ ಅವರ ತಂದೆ ಮಕ್ಕಳಿಗೆ ಬಾಲ್ಯದಿಂದಲೇ ಆಟೋಟಗಳಲ್ಲಿ ಉತ್ತೇಜನ ನೀಡಿದವರು. ತಾಯಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. ಗಾಲ್ಫ್ ಮತ್ತು ಟೆನಿಸ್ ಆಟಗಳಲ್ಲಿ ಹೆಪ್ಬರ್ನ್ ಅವರಿಗೆ ನಿಜವಾದ ಪಳಗುವಿಕೆ ಇತ್ತು. ಚಿತ್ರೀಕರಣದ ಕಾಲಕ್ಕೆ ನಲವತ್ತನ್ನು ದಾಟಿದ್ದರೂ ಅವರು ಆಟದ ದೃಶ್ಯಗಳಲ್ಲಿ ಸ್ವತಃ ಆಡಿದ್ದಾರೆ. ತೆರೆಯ ಮೇಲೆ ಅವರು ಕೋಲು ಬೀಸಿದಾಗ ಚೆಂಡು ನಿಜವಾಗಿಯೇ ಹಾರುತ್ತದೆ. ಈ ಕಥೆಗೆ ಇದು ತೀರ ಅಗತ್ಯವಾಗಿತ್ತು. ಏಕೆಂದರೆ ಪ್ಯಾಟ್‌ಗೆ ಸಾಮರ್ಥ್ಯವಿದೆಯೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಸಾಮರ್ಥ್ಯ ಕಣ್ಣೆದುರಿಗೇ ಇದೆ. ಅದು ಕೆಲವೊಮ್ಮೆ ಎಲ್ಲಿ ಅಡಗಿಕೊಳ್ಳುತ್ತದೆ ಎಂಬುದೇ ಪ್ರಶ್ನೆ.

ಕಥೆ ಸರಳವಾಗಿದೆ. ಪ್ಯಾಟ್ ಕ್ಯಾಲಿಫೋರ್ನಿಯಾದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿ, ಪತಿಯನ್ನು ಕಳೆದುಕೊಂಡವಳು. ಅದೇ ಕಾಲೇಜಿನ ಆಡಳಿತಾಧಿಕಾರಿ ಕಾಲಿಯರ್ ವೆಲ್ಡ್‌ನೊಂದಿಗೆ ಅವಳ ಮರುವಿವಾಹ ನಿಶ್ಚಯವಾಗಿದೆ. ಚಿತ್ರದ ಆರಂಭದಲ್ಲಿ ಇವರಿಬ್ಬರು ಬೆಮಿಂಜರ್ ಎಂಬ ಧನಿಕ ದಂಪತಿಗಳೊಂದಿಗೆ ಗಾಲ್ಫ್ ಆಡಲು ಹೋಗುತ್ತಾರೆ. ಆ ಧನಿಕರಿಂದ ಕಾಲೇಜಿಗೆ ದೇಣಿಗೆ ದೊರೆಯಬೇಕಾಗಿದೆ. ಆದ್ದರಿಂದ ಪ್ಯಾಟ್ ಅವರನ್ನು ಮೆಚ್ಚಿಸುವಂತೆ ನಡೆದುಕೊಳ್ಳಬೇಕೆಂಬುದು ಕಾಲಿಯರ್‌ನ ಬಯಕೆ. ಆಟದುದ್ದಕ್ಕೂ ಶ್ರೀಮತಿ ಬೆಮಿಂಜರ್ ಉಪದೇಶದ ಮಳೆಗರೆಯುತ್ತಾಳೆ: ಕೋಲನ್ನು ಹೀಗೆ ಹಿಡಿ, ತಲೆಯನ್ನು ಹಾಗೆ ಇಡು, ಚೆಂಡನ್ನೇ ನೋಡು. ಕಾಲಿಯರ್ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾನೆ. ಪ್ಯಾಟ್‌ಳ ಹೊಡೆತಗಳು ಒಂದೊಂದಾಗಿ ದಿಕ್ಕು ತಪ್ಪುತ್ತವೆ. ಆಟ ಮುಗಿದ ಬಳಿಕ ತಾಳ್ಮೆ ಕಳೆದುಕೊಂಡ ಅವಳು ಆ ಹೆಂಗಸನ್ನು ಹಿಡಿದು ಕುರ್ಚಿಯಲ್ಲಿ ಕುಳ್ಳಿರಿಸಿ, ಸಾಲಾಗಿ ಇಟ್ಟ ಚೆಂಡುಗಳನ್ನು ಒಂದರ ಹಿಂದೊಂದರಂತೆ ಉಸಿರು ಬಿಡದೆ ಹೊಡೆದು ಅಟ್ಟುತ್ತಾಳೆ. ಒಂದೂ ಗುರಿ ತಪ್ಪುವುದಿಲ್ಲ.

ಈ ದೃಶ್ಯದಲ್ಲಿ ನಗದೆ ಇರಲಾಗದು. ಆದರೆ ನಗೆಯ ಹಿಂದೆ ಒಂದು ಸೂಕ್ಷ್ಮವಿದೆ. ಅವಳ ತೋಳಿನ ಶಕ್ತಿ ಹತ್ತು ನಿಮಿಷಗಳಲ್ಲಿ ಹೆಚ್ಚಲಿಲ್ಲ. ಯಾರು ನೋಡುತ್ತಿದ್ದಾರೆ ಎಂಬ ಚಿಂತೆಯನ್ನು ಅವಳು ಕೋಪದ ಭರದಲ್ಲಿ ಮರೆತಳು, ಅಷ್ಟೇ.

ಕಾಲಿಯರ್ ಕೆಟ್ಟವನಲ್ಲ, ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಅವನು ವಿದ್ಯಾವಂತ, ಸಭ್ಯ, ಸಮಾಜದಲ್ಲಿ ಮನ್ನಣೆ ಇರುವವನು. ಅವಳನ್ನು ಗದರುವವನಲ್ಲ, ಹೊಡೆಯುವವನಂತೂ ಅಲ್ಲ. ಆಟವನ್ನು ಬಿಟ್ಟು, ತನ್ನನ್ನು ಮದುವೆಯಾಗಿ ನೆಮ್ಮದಿಯಾಗಿರಲಿ ಎಂಬುದು ಅವನ ಆಸೆ. ಆದರೆ ಅವನು ಅವಳನ್ನು ನೋಡುವಾಗಲೆಲ್ಲ ಆ ನೋಟದಲ್ಲಿ ಒಂದು ಪರೀಕ್ಷೆ ಇರುತ್ತದೆ, ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡ ಪರೀಕ್ಷೆ. ಇವಳಿಂದ ಇದು ಆಗದು, ಆಗದಿದ್ದರೆ ಒಳ್ಳೆಯದೇ, ಸೋತರೆ ಮನೆಗೆ ಮರಳುತ್ತಾಳೆ. ಬಾಯಿಂದ ಹೊರಡದ ಈ ಮಾತುಗಳನ್ನು ಅವಳ ಕೈಗಳು ಕೇಳಿಸಿಕೊಳ್ಳುತ್ತವೆ.

ರಾಷ್ಟ್ರೀಯ ಮಟ್ಟದ ಮಹಿಳಾ ಗಾಲ್ಫ್ ಪಂದ್ಯಾವಳಿಯಲ್ಲಿ ಪ್ಯಾಟ್ ಅಂತಿಮ ಹಂತದವರೆಗೆ ಏರುತ್ತಾಳೆ. ಆಗಲೇ ಮೈಕ್ ಅವಳನ್ನು ಕಂಡು, ಹಣ ಪಡೆದು ಪಂದ್ಯವನ್ನು ಬಿಟ್ಟುಕೊಡುವಂತೆ ಆಮಿಷವೊಡ್ಡುತ್ತಾನೆ. ಅವಳು ಒಪ್ಪುವುದಿಲ್ಲ. ಹಣಕ್ಕೆ ಸೋಲದ ಅವಳು ಮರುದಿನ ಕಾಲಿಯರ್‌ನ ಒಂದು ನೋಟಕ್ಕೆ ಸೋಲುತ್ತಾಳೆ. ಅವಳ ಎದುರಾಳಿಯಾಗಿ ಆಡುವವರು ಬೇಬ್ ಡಿಡ್ರಿಕ್ಸನ್ ಜಹಾರಿಯಾಸ್. ಅವರು ಕಥೆಗಾರರ ಕಲ್ಪನೆಯಲ್ಲ, ಅಂದಿನ ಅಮೆರಿಕದ ಅಗ್ರಗಣ್ಯ ಕ್ರೀಡಾಪಟು. ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ವಹಿಸಿದ್ದಾರೆ.

ಚಿತ್ರದ ಅತ್ಯುತ್ತಮ ಭಾಗವೆಂದು ನಾನು ಎಣಿಸುವ ದೃಶ್ಯ ಟೆನಿಸ್ ಪಂದ್ಯದ್ದು. ಇಲ್ಲಿ ಪ್ಯಾಟ್‌ಳ ಎದುರಾಳಿ ಗಸ್ಸಿ ಮೊರಾನ್. ಇವರೂ ನಿಜಜೀವನದ ಆಟಗಾರ್ತಿಯೇ. ಪ್ಯಾಟ್ ಚೆನ್ನಾಗಿ ಆಡುತ್ತಿದ್ದಾಳೆ. ಅಷ್ಟರಲ್ಲಿ ಪ್ರೇಕ್ಷಕರ ನಡುವೆ ಕಾಲಿಯರ್‌ನ ಮುಖ ಕಾಣಿಸುತ್ತದೆ. ಮರುಕ್ಷಣವೇ ಅಂಗಣದ ಲೋಕವೆಲ್ಲ ಬದಲಾಗುತ್ತದೆ. ನಡುವಿನ ನೆಟ್ ಗೋಡೆಯಂತೆ ಮೇಲೆದ್ದು ನಿಲ್ಲುತ್ತದೆ. ಎದುರಾಳಿಯ ರಾಕೆಟ್ ದೊಡ್ಡದಾಗುತ್ತದೆ, ತನ್ನ ಕೈಯಲ್ಲಿರುವುದು ಆಟಿಕೆಯಷ್ಟು ಚಿಕ್ಕದಾಗುತ್ತದೆ. ವಾಸ್ತವದ ಎಲ್ಲೆಯಲ್ಲೇ ನಡೆಯುತ್ತಿದ್ದ ಚಿತ್ರ ಇಲ್ಲಿ ಕೆಲವು ಕ್ಷಣಗಳ ಮಟ್ಟಿಗೆ ದುಃಸ್ವಪ್ನವಾಗುತ್ತದೆ. ಅಳುಕು ಎಂಬುದು ಹೊರಗಿನಿಂದ ನೋಡುವವರಿಗೆ ಕಾಣದ ವಸ್ತು. ಅವರಿಗೆ ಕಾಣುವುದು ಸೋಲು ಮಾತ್ರ. ಅಳುಕಿದವಳಿಗೆ ಜಗತ್ತೇ ಬೇರೆ ಅಳತೆಯಲ್ಲಿ ಕಾಣುತ್ತದೆಂಬುದನ್ನು ಕ್ಯೂಕರ್ ಒಂದು ಮಾತೂ ಇಲ್ಲದೆ, ಕ್ಯಾಮೆರಾದ ಕೈಚಳಕದಿಂದಲೇ ತಿಳಿಸಿದ್ದಾರೆ. ಪರೀಕ್ಷೆಯಲ್ಲಿ ‘ಗೊತ್ತಿದ್ದೂ ಬರೆಯಲಿಲ್ಲ’ ಎಂದು ಮಕ್ಕಳನ್ನು ಬೈಯುವ ಮುನ್ನ ಪ್ರತಿಯೊಬ್ಬ ತಾಯಿತಂದೆಯೂ ಈ ಒಂದು ದೃಶ್ಯವನ್ನು ನೋಡಬೇಕು.

ಗಸ್ಸಿ ಮೊರಾನ್ ಅವರನ್ನೇ ಈ ದೃಶ್ಯಕ್ಕೆ ಆರಿಸಿದ್ದು ಎಷ್ಟು ಅರ್ಥಪೂರ್ಣವಾಗಿದೆಯೆಂದು ಅಂದಿನ ಪ್ರೇಕ್ಷಕರು ಬಲ್ಲವರಾಗಿದ್ದರು. 1949ರ ವಿಂಬಲ್ಡನ್‌ನಲ್ಲಿ ಅವರು ತೊಟ್ಟ ಒಳ ಉಡುಪಿನ ಲೇಸಿನ ಅಂಚು ದೊಡ್ಡ ಗದ್ದಲವನ್ನೆಬ್ಬಿಸಿತ್ತು. ಆ ವರ್ಷ ಅವರು ಮಹಿಳೆಯರ ಡಬಲ್ಸ್‌ನಲ್ಲಿ ಅಂತಿಮ ಪಂದ್ಯದವರೆಗೆ ಬಂದಿದ್ದರೆಂಬುದು ಎಷ್ಟು ಜನರಿಗೆ ನೆನಪಿದೆ? ಲೇಸಿನ ಕಥೆಯನ್ನು ಮಾತ್ರ ಲೋಕ ಮರೆತಿಲ್ಲ. ನೋಡುವವರ ಕಣ್ಣು ಆಟಗಾರ್ತಿಯನ್ನು ಹೇಗೆ ಕಿರಿದಾಗಿಸಬಲ್ಲುದು ಎಂಬುದಕ್ಕೆ ಅಂಗಣದ ಆ ಬದಿಯಲ್ಲಿ ನಿಂತಿದ್ದವರೂ ಸಾಕ್ಷಿಯೇ ಆಗಿದ್ದರು.

ಇನ್ನು ಮೈಕ್‌ನ ವಿಚಾರ. ಗಾಲ್ಫ್ ಪಂದ್ಯದಲ್ಲಿ ಸೋತು ಕಾಲಿಯರ್‌ನೊಂದಿಗೆ ರೈಲಿನಲ್ಲಿ ಮರಳುವಾಗ ಪ್ಯಾಟ್ ಮನಸ್ಸು ಬದಲಾಯಿಸಿ ರೈಲಿನಿಂದ ಇಳಿದುಬಿಡುತ್ತಾಳೆ. ನೇರವಾಗಿ ಮೈಕ್‌ನಲ್ಲಿಗೆ ಬಂದು ತನ್ನ ಆಟದ ವ್ಯವಹಾರವನ್ನು ಅವನಿಗೆ ಒಪ್ಪಿಸುತ್ತಾಳೆ. ಮೈಕ್‌ನ ಬಳಿ ಆಗಲೇ ಡೇವಿ ಹಕ್ಕೊ ಎಂಬ ಮಂದಬುದ್ಧಿಯ ಬಾಕ್ಸರನೂ ಒಂದು ಪಂದ್ಯದ ಕುದುರೆಯೂ ಇವೆ. ಪ್ಯಾಟ್ ಆ ಪಟ್ಟಿಯಲ್ಲಿ ಮೂರನೆಯವಳು. ಅವಳು ಏನು ತಿನ್ನಬೇಕು, ಎಷ್ಟು ಹೊತ್ತು ಮಲಗಬೇಕು, ಏನನ್ನು ಕುಡಿಯಬಾರದು ಎಂಬುದನ್ನೆಲ್ಲ ಅವನೇ ನಿರ್ಧರಿಸುತ್ತಾನೆ.

ವಿಚಾರವಂತ ಓದುಗರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಲೇಬೇಕು. ಒಬ್ಬ ಒಡೆಯನಿಂದ ತಪ್ಪಿಸಿಕೊಂಡ ಹೆಣ್ಣು ಇನ್ನೊಬ್ಬ ಒಡೆಯನ ಕೈಗೆ ಬಿದ್ದಳಲ್ಲವೇ? ಸಭ್ಯನ ಹಿಡಿತಕ್ಕಿಂತ ಒರಟನ ಹಿಡಿತ ಹೇಗೆ ಮೇಲು? ಮೈಕ್ ಮೊದಲ ಸಲ ಪ್ಯಾಟ್‌ಳ ಮೈಕಟ್ಟಿನ ಬಗ್ಗೆ ಆಡುವ ಮಾತು ಬಹಳ ಹೆಸರಾದದ್ದು. ಮಾಂಸ ಹೆಚ್ಚಿಲ್ಲ, ಇರುವಷ್ಟು ಮಾತ್ರ ಉತ್ತಮ ದರ್ಜೆಯದು ಎಂಬುದು ಅದರ ತಾತ್ಪರ್ಯ. ವಿಮರ್ಶಕರು ಈ ಮಾತನ್ನು ಮೆಚ್ಚಿ ಮೆಚ್ಚಿ ಉಲ್ಲೇಖಿಸುತ್ತಾ ಬಂದಿದ್ದಾರೆ. ಆದರೆ ಅದು ಕಟುಕನ ಅಂಗಡಿಯ ಭಾಷೆ ಎಂಬುದನ್ನು ಮರೆಯಲಾಗದು. ಅಲ್ಲಿ ಇರುವುದು ಕೊಳ್ಳುವವನ ಕಣ್ಣು.

ಚಿತ್ರಕಥೆ ಬರೆದವರು ಈ ಆಕ್ಷೇಪವನ್ನು ಅರಿತವರೇ ಆಗಿದ್ದರು. ಅದಕ್ಕಾಗಿಯೇ ಅವರು ಮೂರು ಪ್ರಶ್ನೆಗಳ ಒಂದು ಆಚಾರವನ್ನು ಕಥೆಯೊಳಗೆ ಇಟ್ಟಿದ್ದಾರೆ. ಬಾಕ್ಸರ್ ಡೇವಿ ಕುಗ್ಗಿದಾಗಲೆಲ್ಲ ಮೈಕ್ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಾನೆ: ನಿನ್ನನ್ನು ರೂಪಿಸಿದವನು ಯಾರು? ನಿನ್ನಲ್ಲಿ ಅತಿ ದೊಡ್ಡ ಪಾಲು ಯಾರದು? ನಾನು ನಿನ್ನ ಕೈಬಿಟ್ಟರೆ ನಿನ್ನ ಗತಿಯೇನು? ಡೇವಿ ಕಂಠಪಾಠ ಮಾಡಿದ ಬಾಲಕನಂತೆ ಉತ್ತರಿಸುತ್ತಾನೆ: ನೀನೇ ರೂಪಿಸಿದೆ, ದೊಡ್ಡ ಪಾಲು ನಿನ್ನದೇ, ನೀನು ಕೈಬಿಟ್ಟರೆ ನಾನು ಕೊಚ್ಚೆಯ ಪಾಲಾಗುತ್ತೇನೆ, ಅಲ್ಲಿಯೇ ಉಳಿಯುತ್ತೇನೆ.

ಜ್ಞಾನೋಪದೇಶದ ಪಾಠವನ್ನು ಪ್ರಶ್ನೋತ್ತರಗಳ ರೂಪದಲ್ಲಿ ಕಲಿತ ಹಿರಿಯ ಓದುಗರಿಗೆ ಮೊದಲ ಪ್ರಶ್ನೆ ಎಲ್ಲೋ ಕೇಳಿದಂತೆ ಅನ್ನಿಸದೆ ಇರದು. ನಮ್ಮನ್ನು ಸೃಷ್ಟಿಸಿದವರು ಯಾರು ಎಂದಲ್ಲವೇ ಆ ಪಾಠವೂ ಆರಂಭವಾಗುತ್ತಿದ್ದುದು? ದೇವರಿಗೆ ಮಾತ್ರ ಸಲ್ಲಬೇಕಾದ ಉತ್ತರವನ್ನು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಂದ ತನ್ನ ಹೆಸರಿಗೆ ಹೇಳಿಸಿಕೊಳ್ಳುತ್ತಿದ್ದಾನೆ. ಪ್ರೇಕ್ಷಕರು ನಗುತ್ತಾರೆ, ಆದರೆ ಎಷ್ಟು ಮನೆಗಳಲ್ಲಿ, ಎಷ್ಟು ಸಂಸ್ಥೆಗಳಲ್ಲಿ ಈ ಮೂರು ಪ್ರಶ್ನೆಗಳು ಬೇರೆ ಬೇರೆ ಮಾತುಗಳಲ್ಲಿ ಕೇಳಲ್ಪಡುತ್ತಿಲ್ಲ! ನಿನ್ನನ್ನು ಓದಿಸಿದವರು ಯಾರು, ನಾನಿಲ್ಲದಿದ್ದರೆ ನೀನು ಏನಾಗುತ್ತಿದ್ದೆ ಎಂಬ ಮಾತು ಉಪಕಾರದ ಲೆಕ್ಕವನ್ನು ಒಪ್ಪಿಸುವ ಬಗೆಯಲ್ಲಿ ಬಂದರೂ ಒಡೆತನದ ಪತ್ರವನ್ನೇ ಓದಿಸುತ್ತದೆ.

ಹಾಗಾದರೆ ಮೈಕ್‌ನ ನೋಟ ಕಾಲಿಯರ್‌ನ ನೋಟಕ್ಕಿಂತ ಯಾವ ಬಗೆಯಲ್ಲಿ ಭಿನ್ನ? ನನ್ನ ಅಭಿಪ್ರಾಯದಲ್ಲಿ ಒಂದೇ ಒಂದು ಬಗೆಯಲ್ಲಿ, ಆದರೆ ಅದೇ ನಿರ್ಣಾಯಕ. ಕಾಲಿಯರ್ ಪ್ಯಾಟ್‌ಳನ್ನು ನೋಡುವಾಗ ತನ್ನ ಮನೆಯಲ್ಲಿ ಇರಬೇಕಾದ ಒಬ್ಬ ಹೆಂಡತಿಯನ್ನು ನೋಡುತ್ತಾನೆ, ಎದುರಿಗೆ ನಿಂತವಳನ್ನಲ್ಲ. ಮೈಕ್ ಲಾಭಕ್ಕಾಗಿಯೇ ಆದರೂ ಎದುರಿಗೆ ನಿಂತವಳನ್ನೇ ನೋಡುತ್ತಾನೆ. ಅವಳ ಮಣಿಕಟ್ಟು, ಅವಳ ಉಸಿರು, ಅವಳ ಆಯಾಸ ಅವನಿಗೆ ತಿಳಿಯುತ್ತದೆ. ಅವಳು ಗೆದ್ದರೆ ಅವನಿಗೆ ಸಂತೋಷ. ಅವಳು ಗೆಲ್ಲುತ್ತಾಳೆಂಬುದರಲ್ಲಿ ಅವನಿಗೆ ಸಂದೇಹವಿಲ್ಲ. ನಿಜವನ್ನು ನೋಡುವ ಕಣ್ಣು ಸ್ವಾರ್ಥದಿಂದ ಕೂಡಿದ್ದರೂ, ನಿಜವನ್ನು ನೋಡಲೊಪ್ಪದ ಸದ್ಭಾವನೆಗಿಂತ ಮನುಷ್ಯರಿಗೆ ಹೆಚ್ಚು ಉಸಿರಾಡಲು ಎಡೆಗೊಡುತ್ತದೆ. ಇದು ಕಹಿಯಾದ ಸತ್ಯ; ಸಭ್ಯರಾದ ನಮಗೆ ವಿಶೇಷವಾಗಿ ಕಹಿ.

ಅಷ್ಟಕ್ಕೇ ಚಿತ್ರ ನಿಂತಿದ್ದರೆ ಅದು ಒಳ್ಳೆಯ ಒಡೆಯನ ಕಥೆಯಾಗಿ ಉಳಿಯುತ್ತಿತ್ತು. ಅದು ಮುಂದೆ ಹೋಗುತ್ತದೆ. ಮೈಕ್‌ನ ವ್ಯವಹಾರದಲ್ಲಿ ಪಾಲುಳ್ಳ ಕೆಲವರು ಪುಂಡರು, ಪ್ಯಾಟ್ ಗಾಲ್ಫ್ ಪಂದ್ಯವನ್ನು ಬಿಟ್ಟುಕೊಡಬೇಕೆಂದು ಅವನನ್ನು ಒತ್ತಾಯಿಸುತ್ತಾರೆ. ಈ ಹಿಂದೆ ಇಂತಹ ಕೆಲಸಕ್ಕೆ ಹೇಸದಿದ್ದ ಮನುಷ್ಯ ಈಗ ಹಿಂಜರಿಯುತ್ತಾನೆ. ಅವಳ ಪ್ರಾಮಾಣಿಕತೆ ಅವನಿಗೆ ಅಂಟಿಕೊಂಡಿದೆ. ಪುಂಡರು ಅವನನ್ನು ಹೊಡೆಯಲು ಮುಂದಾದಾಗ ಪ್ಯಾಟ್ ಮಧ್ಯೆ ನುಗ್ಗಿ ಅವರನ್ನು ನೆಲಕ್ಕುರುಳಿಸುತ್ತಾಳೆ. ಅದಷ್ಟೇ ಸಾಲದೆಂಬಂತೆ, ಪೊಲೀಸ್ ಠಾಣೆಯಲ್ಲಿ ನಡೆದದ್ದನ್ನು ಮತ್ತೊಮ್ಮೆ ಅಭಿನಯಿಸಿ ತೋರಿಸಬೇಕಾಗುತ್ತದೆ. ಆ ಪುಂಡರಲ್ಲೊಬ್ಬನ ಪಾತ್ರ ವಹಿಸಿದವರು ಮುಂದೆ ಚಾರ್ಲ್ಸ್ ಬ್ರಾನ್ಸನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ನಟ ಎಂಬುದನ್ನು ತಿಳಿದವರಿಗೆ ಈ ದೃಶ್ಯ ಇನ್ನೂ ಸೊಗಸು.

ಎಲ್ಲರೂ ನಗುತ್ತಿರುವಾಗ ಮೈಕ್‌ನ ಮುಖವನ್ನು ಗಮನಿಸಿ. ಅವನು ನಗುವುದಿಲ್ಲ. ಅವಳ ಶಕ್ತಿಯನ್ನು ಅಂಗಣದಲ್ಲಿ ಮಾರಿ ಹಣ ಗಳಿಸಿದವನಿಗೆ ಅದೇ ಶಕ್ತಿ ತನ್ನನ್ನು ಕಾಪಾಡಿದಾಗ ಅವಮಾನವಾಗುತ್ತದೆ. ಗಂಡಸು ಗಂಡಸಿನಂತಿರಬೇಕು, ಹೆಂಗಸು ಹೆಂಗಸಿನಂತಿರಬೇಕು ಎಂಬ ಹಳೆಯ ಪಲ್ಲವಿ ಅವನ ಬಾಯಿಂದಲೂ ಹೊರಡುತ್ತದೆ. ಟ್ರೇಸಿ ಇಲ್ಲಿ ಅಬ್ಬರಿಸದೆ, ಒಳಗೊಳಗೇ ಮುದುಡಿಕೊಂಡ ಮನುಷ್ಯನನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ್ದಾರೆ. ಚಿತ್ರದ ಪ್ರಾಮಾಣಿಕತೆ ಇರುವುದು ಇಲ್ಲಿ. ಹೆಣ್ಣಿನ ಸಾಧನೆಯನ್ನು ಮೆಚ್ಚುವುದು ಸುಲಭ, ಅದು ನಮಗೆ ಕೀರ್ತಿ ತರುವವರೆಗೆ. ಆ ಸಾಧನೆಯ ಎದುರು ನಾವು ಚಿಕ್ಕವರಾಗಿ ಕಾಣುವ ದಿನ ಬಂದಾಗಲೂ ಮೆಚ್ಚುಗೆ ಉಳಿಯುವುದೇ? ಮಗಳು ಪದಕ ತಂದಾಗ ಚಪ್ಪಾಳೆ ತಟ್ಟಿದವರೇ, ಅವಳು ಮನೆಯ ನಿರ್ಧಾರವೊಂದರಲ್ಲಿ ದೃಢವಾಗಿ ಮಾತನಾಡಿದಾಗ ಮುಖ ಗಂಟಿಕ್ಕುವುದಿಲ್ಲವೇ?

ಕೊನೆಯ ಭಾಗದಲ್ಲಿ ಕಾಲಿಯರ್ ಅವಳನ್ನು ಅನುಮಾನಿಸುತ್ತಾನೆ. ಅವಳು ಆ ಸಂಬಂಧವನ್ನು ಮುರಿದುಕೊಳ್ಳುತ್ತಾಳೆ. ಇಷ್ಟು ಕಾಲ ಅವಳನ್ನು ಕಟ್ಟಿಹಾಕಿದ್ದ ಆ ದೃಷ್ಟಿಯ ಹಿಡಿತ ಕಳಚುತ್ತದೆ. ಮೈಕ್ ಅವಳಿಗೆ ಹೇಳುವ ಮಾತಿನ ಸಾರ ಹೀಗಿದೆ: ನಾವಿಬ್ಬರು ಸೆಣಸಿದರೆ ಯಾರು ಗೆಲ್ಲುವರೋ ತಿಳಿಯದು, ಒಟ್ಟಾಗಿ ನಿಂತರೆ ಎಲ್ಲರನ್ನೂ ಗೆಲ್ಲಬಲ್ಲೆವು. ಬಳಿಕ ಆ ಮೂರು ಪ್ರಶ್ನೆಗಳು ಮರಳಿ ಬರುತ್ತವೆ. ಈ ಸಲ ಕೇಳುವವಳು ಅವಳು, ಉತ್ತರಿಸುವವನು ಅವನು. ಕೊನೆಯ ಉತ್ತರವೂ ಬದಲಾಗಿದೆ: ನೀನು ಕೈಬಿಟ್ಟರೆ ನಾನು ಕೊಚ್ಚೆಗೆ ಹೋಗುವೆ, ಹೋಗುವಾಗ ನಿನ್ನನ್ನೂ ಎಳೆದುಕೊಂಡೇ ಹೋಗುವೆ. ತಮಾಷೆಯ ಮಾತು ನಿಜ. ಆದರೆ ಡೇವಿ ಒಬ್ಬನೇ ಬೀಳಬೇಕಾಗಿದ್ದ ಹೊಂಡದ ಅಂಚಿನಲ್ಲಿ ಈಗ ಇಬ್ಬರು ನಿಂತಿದ್ದಾರೆ. ಒಡೆತನ ಮುಗಿದು ಪಾಲುದಾರಿಕೆ ಆರಂಭವಾಗುವುದು ಈ ಸಣ್ಣ ಬದಲಾವಣೆಯಲ್ಲಿ. ದಾಂಪತ್ಯದ ಕುರಿತ ದೀರ್ಘ ಪ್ರವಚನಗಳು ಹೇಳಲಾರದ್ದನ್ನು ಒಂದು ಹಾಸ್ಯದ ಮಾತು ಹೇಳಿಬಿಟ್ಟಿದೆ.

ಇದೇ ಜೋಡಿಯ ಹಿಂದಿನ ಚಿತ್ರಗಳೊಂದಿಗೆ ಹೋಲಿಸಿದರೆ ಈ ಮುನ್ನಡೆ ಇನ್ನೂ ಸ್ಪಷ್ಟವಾಗುತ್ತದೆ. ಇವರ ಮೊದಲ ಚಿತ್ರ ‘ವುಮನ್ ಆಫ್ ದಿ ಇಯರ್’ (1942). ಅದರಲ್ಲಿ ಹೆಪ್ಬರ್ನ್ ಅವರದು ಹೆಸರಾಂತ ಪತ್ರಕರ್ತೆಯ ಪಾತ್ರ. ನಂತರ ಹೊಸದಾಗಿ ಬರೆದು ಸೇರಿಸಲಾದ ಅದರ ಅಂತಿಮ ದೃಶ್ಯದಲ್ಲಿ ಆ ಮಹಿಳೆ ಗಂಡನಿಗೆ ಬೆಳಗಿನ ತಿಂಡಿ ಮಾಡಲು ಹೋಗಿ ಅಡುಗೆಮನೆಯನ್ನೆಲ್ಲ ರಾದ್ಧಾಂತ ಮಾಡುತ್ತಾಳೆ. ಜಗತ್ತನ್ನೇ ತಿಳಿದವಳಿಗೆ ಒಲೆಯ ಮುಂದೆ ಬುದ್ಧಿ ಕಲಿಸಿದ ಸಮಾಧಾನ ಪ್ರೇಕ್ಷಕರಿಗೆ ದೊರೆಯಲಿ ಎಂಬ ಲೆಕ್ಕಾಚಾರ ಅಲ್ಲಿ ಕಾಣುತ್ತದೆ. ‘ಆ್ಯಡಮ್ಸ್ ರಿಬ್’ (1949) ತನ್ನ ಹೆಸರನ್ನೇ ಆದಿಕಾಂಡದ ಪಕ್ಕೆಲುಬಿನಿಂದ ಪಡೆದುಕೊಂಡಿತು. ಅಲ್ಲಿ ವಕೀಲರಾದ ಗಂಡಹೆಂಡಿರು ಒಂದೇ ಮೊಕದ್ದಮೆಯಲ್ಲಿ ಎದುರುಬದುರಾಗಿ ವಾದಿಸುತ್ತಾರೆ. ‘ಪ್ಯಾಟ್ ಅಂಡ್ ಮೈಕ್’ನಲ್ಲಿ ಹೆಣ್ಣಿಗೆ ಬುದ್ಧಿ ಕಲಿಸುವ ದೃಶ್ಯವಿಲ್ಲ; ಗೆದ್ದುದಕ್ಕಾಗಿ ಅವಳು ಯಾರಲ್ಲಿಯೂ ಕ್ಷಮೆ ಕೇಳಬೇಕಾಗಿಲ್ಲ. ಹತ್ತು ವರ್ಷಗಳಲ್ಲಿ ಸಾಗಿಬಂದ ದಾರಿ ಸಣ್ಣದೇನಲ್ಲ.

ದೋಷಗಳೂ ಇವೆ. ಕ್ರೀಡಾಂಗಣದ ದೃಶ್ಯಗಳು ಕೆಲವೆಡೆ ಅಗತ್ಯಕ್ಕಿಂತ ದೀರ್ಘವಾಗಿವೆ. ಗಾಲ್ಫ್ ತಿಳಿಯದವರಿಗೆ ಬೇಸರ ತರಿಸಬಹುದು. ಕಾಲಿಯರ್‌ನ ಪಾತ್ರಕ್ಕೆ ಚಿತ್ರಕಥೆ ನ್ಯಾಯ ಒದಗಿಸಿಲ್ಲ. ಅವನ ಅಂಜಿಕೆಯೇನು, ಅವಳ ಗೆಲುವು ಅವನಿಗೇಕೆ ಬೇಡ ಎಂಬುದನ್ನು ಒಂದು ದೃಶ್ಯದಲ್ಲಾದರೂ ತೋರಿಸಿದ್ದರೆ, ನೋಡುವವರಲ್ಲಿ ಅನೇಕರು ಅವನಲ್ಲಿ ತಮ್ಮನ್ನು ಕಂಡುಕೊಳ್ಳುತ್ತಿದ್ದರು. ಈಗ ಅವನನ್ನು ನೋಡಿ ನಕ್ಕು, ‘ನಾನು ಅಂಥವನಲ್ಲ’ ಎಂದುಕೊಂಡು ಎದ್ದುಹೋಗುವುದು ತೀರ ಸುಲಭ. ಅಲ್ಲದೆ, ಮೈಕ್‌ನ ಮುರಿದ ಅಭಿಮಾನವನ್ನು ಸರಿಪಡಿಸಲು ಪ್ಯಾಟ್ ತನಗೆ ರಕ್ಷಣೆ ಬೇಕೆಂದು ಹೇಳಿಕೊಳ್ಳಬೇಕಾಗುತ್ತದೆ. ಬಲಶಾಲಿಯಾದ ಹೆಣ್ಣು ಗಂಡಸಿನ ಮನಸ್ಸಮಾಧಾನಕ್ಕಾಗಿ ತುಸು ಬಲಹೀನಳಂತೆ ನಟಿಸುವ ಈ ಹಳೆಯ ಒಪ್ಪಂದವನ್ನು ಚಿತ್ರ ಪೂರ್ತಿಯಾಗಿ ಮೀರಲಿಲ್ಲ. ಬಾಕ್ಸರ್ ಡೇವಿಯ ವಿಷಯವೂ ಹೀಗೆಯೇ. ಪ್ಯಾಟ್ ಒಬ್ಬಳೇ ಅವನೊಂದಿಗೆ ಮನುಷ್ಯನೊಡನೆ ಮಾತನಾಡುವಂತೆ ಮಾತನಾಡಿ ಧೈರ್ಯ ತುಂಬುತ್ತಾಳೆ. ಆದರೆ ಒಡೆತನದಿಂದ ಬಿಡುಗಡೆ ಅವಳಿಗೆ ದೊರೆತಂತೆ ಅವನಿಗೆ ದೊರೆಯಿತೇ ಎಂಬುದನ್ನು ಚಿತ್ರ ವಿಚಾರಿಸುವುದಿಲ್ಲ.

ಈ ಕೊರತೆಗಳನ್ನು ಒಂದು ಮಟ್ಟಿಗೆ ತುಂಬುವವರು ತೆರೆಯ ಮೇಲೆ ಕ್ಷಣಕಾಲ ಬಂದುಹೋಗುವ ನಿಜವಾದ ಕ್ರೀಡಾಪಟುಗಳು. ಬೇಬ್ ಜಹಾರಿಯಾಸ್ 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಎಸೆತ ಮತ್ತು 80 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ, ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದವರು. ಆಮೇಲೆ ಗಾಲ್ಫ್‌ಗೆ ಬಂದು ಅಲ್ಲಿಯೂ ಅಗ್ರಸ್ಥಾನಕ್ಕೇರಿದವರು. 1950ರಲ್ಲಿ ಮಹಿಳಾ ವೃತ್ತಿಪರ ಗಾಲ್ಫ್ ಸಂಘವನ್ನು ಕಟ್ಟಿದ 13 ಮಂದಿಯಲ್ಲಿ ಅವರೂ, ಇದೇ ಚಿತ್ರದಲ್ಲಿ ಕಾಣಿಸಿಕೊಂಡ ಹೆಲೆನ್ ಡೆಟ್ವೈಲರ್ ಅವರೂ ಇದ್ದರು. ಚಿತ್ರ ಬಿಡುಗಡೆಯಾದ ಮರುವರ್ಷವೇ ಬೇಬ್ ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯ ನಂತರ 1954ರಲ್ಲಿ ಅವರು ಅಮೆರಿಕದ ಮಹಿಳಾ ಓಪನ್ ಪಂದ್ಯಾವಳಿಯನ್ನು 12 ಹೊಡೆತಗಳ ಅಂತರದಿಂದ ಗೆದ್ದರು. 1956ರಲ್ಲಿ, 45ನೆಯ ವಯಸ್ಸಿನಲ್ಲಿ ನಿಧನರಾದರು.

ಚಿತ್ರದಲ್ಲಿ ಕಾಣಿಸಿಕೊಳ್ಳುವ ಇನ್ನೊಬ್ಬರು ಆಲಿಸ್ ಮಾರ್ಬಲ್. 1939ರ ವಿಂಬಲ್ಡನ್ ವಿಜೇತೆ. ಕಪ್ಪು ವರ್ಣದವಳೆಂಬ ಕಾರಣಕ್ಕೆ ಆಲ್ಥಿಯಾ ಗಿಬ್ಸನ್ ಎಂಬ ಪ್ರತಿಭಾವಂತೆಗೆ ದೊಡ್ಡ ಪಂದ್ಯಾವಳಿಗಳ ಬಾಗಿಲು ಮುಚ್ಚಿದ್ದಾಗ, 1950ರಲ್ಲಿ ಟೆನಿಸ್ ಪತ್ರಿಕೆಯೊಂದರಲ್ಲಿ ಲೇಖನ ಬರೆದು ತಮ್ಮ ಆಟದ ಲೋಕದ ಡಾಂಭಿಕತೆಯನ್ನು ಬಹಿರಂಗವಾಗಿ ಖಂಡಿಸಿದವರು ಅವರು. ಅದೇ ವರ್ಷ ಗಿಬ್ಸನ್ ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದರು. 1957ರಲ್ಲಿ ವಿಂಬಲ್ಡನ್ ಗೆದ್ದರು. ಎಲ್ಲರೂ ಬಣ್ಣವನ್ನು ನೋಡುತ್ತಿದ್ದಾಗ ಒಬ್ಬಾಕೆ ಆಟವನ್ನು ನೋಡಿದರು. ಸರಿಯಾದ ನೋಟವೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಥೆಯೊಳಗೂ ಇಲ್ಲ.

ಚಿತ್ರದಲ್ಲಿ ಮೈಕ್ ಸಮಪಾಲಿನ ಮಾತನ್ನು ತನ್ನದೇ ವಿಚಿತ್ರ ಧಾಟಿಯಲ್ಲಿ ಐವತ್ತಕ್ಕೆ ಐವತ್ತು ಎಂದು ಆಡುತ್ತಾನೆ. ಹೊರಗಿನ ಲೋಕಕ್ಕೆ ಆ ಲೆಕ್ಕ ಕಲಿಯಲು ಬಹಳ ಕಾಲ ಹಿಡಿಯಿತು. ಅಮೆರಿಕದ ಓಪನ್ ಟೆನಿಸ್‌ನಲ್ಲಿ ಸ್ತ್ರೀಪುರುಷರಿಗೆ ಸಮಾನ ಬಹುಮಾನದ ಹಣ ನೀಡಿದ್ದು 1973ರಲ್ಲಿ, ವಿಂಬಲ್ಡನ್‌ನಲ್ಲಿ 2007ರಲ್ಲಿ. ಹಾಸ್ಯಚಿತ್ರವೊಂದು ಒಂದೂವರೆ ಗಂಟೆಯಲ್ಲಿ ತಲುಪಿದ ಸ್ಥಳಕ್ಕೆ ವಿಂಬಲ್ಡನ್ ತಲುಪಲು 55 ವರ್ಷಗಳು ಬೇಕಾದವು.

ಪ್ರಿಯ ಓದುಗರೇ, ಹಳೆಯ ಚಿತ್ರವೊಂದನ್ನು ಮನೆಮಂದಿಯೆಲ್ಲ ಕೂಡಿ ನೋಡುವ ಅವಕಾಶ ನಿಮಗೆ ದೊರೆತರೆ ಇದನ್ನು ನೋಡಿ. ಮಕ್ಕಳ ಮುಂದೆ ಮುಜುಗರಪಡಬೇಕಾದ ದೃಶ್ಯಗಳು ಇದರಲ್ಲಿ ಇಲ್ಲ. ನಗುವಿಗೆ ಕೊರತೆಯಂತೂ ಇಲ್ಲ. ನೋಡಿದ ಮೇಲೆ ಕಾಲಿಯರ್ ಯಾರು, ಮೈಕ್ ಯಾರು ಎಂದು ಬೇರೆಯವರಲ್ಲಿ ಹುಡುಕಲು ಹೋಗಬೇಡಿ. ನಮ್ಮ ಮನೆಯ ಮಗಳು ಓಡುವಾಗ, ಹಾಡುವಾಗ, ಓದುವಾಗ, ಅಥವಾ ಮಡದಿ ತನ್ನದೇ ಆದ ಒಂದು ಕೆಲಸಕ್ಕೆ ಕೈಹಾಕಿದಾಗ, ನಮ್ಮ ಕಣ್ಣು ಅವರ ಮೇಲೆ ಬಿದ್ದೊಡನೆ ಅವರ ಕೈ ಚುರುಕಾಗುವುದೋ ನಡುಗುವುದೋ ಎಂಬುದನ್ನು ಒಮ್ಮೆ ಸುಮ್ಮನೆ ಗಮನಿಸಿ. ನಡುಗುವುದಾದರೆ, ಕಾಡಿಗೆಯ ಬೊಟ್ಟಿನಿಂದ ನೀಗುವ ದೃಷ್ಟಿ ಅದಲ್ಲ. ನಾವು ನೋಡುವ ಬಗೆಯನ್ನೇ ಬದಲಾಯಿಸಿಕೊಳ್ಳಬೇಕು.